ಹಾಳೆ ತಟ್ಟೆಗೆ ಹಸಿ ಮರದ ಪ್ಯಾಲೆಟ್: ರಫ್ತು ಪ್ಯಾಕಿಂಗ್ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ರಫ್ತು ಪ್ಯಾಕಿಂಗ್ ವಿಭಾಗ, ಮಂಗಳೂರು

ವಿಷಯ: 2024ರ ಜುಲೈಯಲ್ಲಿ ರಾಟರ್‌ಡ್ಯಾಮ್‌ಗೆ ಕಳುಹಿಸಿದ ಅಡಿಕೆ ಹಾಳೆ ತಟ್ಟೆಗಳು ಪ್ಯಾಕಿಂಗ್ ದೋಷದಿಂದ ಹಾಳಾದ ಬಗ್ಗೆ

ಮಾನ್ಯರೇ,

ನಿಮ್ಮ ಶೆಡ್ಡಿನಲ್ಲಿ ಪ್ಯಾಕ್ ಆಗಿ ಹೋದ ನಮ್ಮ 200 ಪೆಟ್ಟಿಗೆಗಳ ಪೈಕಿ 89ನ್ನು ಖರೀದಿದಾರರು ತಿರಸ್ಕರಿಸಿದ್ದಾರೆ. 58 ಪೆಟ್ಟಿಗೆಗಳಲ್ಲಿ ಬೂಷ್ಟು ಹಿಡಿದಿದೆ, 31 ಜಜ್ಜಿಹೋಗಿವೆ. ಒಟ್ಟು 17,800 ತಟ್ಟೆಗಳು. ಬೇಸಿಗೆಯಿಡೀ ತೋಟ ತೋಟ ಅಲೆದು ಆಯ್ದು, ಬಿಸಿಲಲ್ಲಿ ಒಣಗಿಸಿ, ತೊಳೆದು, ನಮ್ಮ ಘಟಕದ ಹೆಂಗಸರು ಬಿಸಿ ಅಚ್ಚಿನ ಮುಂದೆ ನಿಂತು ಒತ್ತಿದ ತಟ್ಟೆಗಳು ಅವು.

ಫೋನಿನಲ್ಲಿ ನೀವು ಕೊಟ್ಟ ಉತ್ತರ ನನಗೆ ನಷ್ಟಕ್ಕಿಂತಲೂ ಹೆಚ್ಚು ನೋವು ತಂದಿದೆ. "ಪ್ಯಾಲೆಟ್ ಮೇಲೆ ಐಎಸ್‌ಪಿಎಂ 15 ಮುದ್ರೆ ಇತ್ತು, ಅಲ್ಲಿಗೆ ನಮ್ಮ ಕೆಲಸ ಮುಗಿಯಿತು" ಎಂದಿರಿ. ಪೆಟ್ಟಿಗೆಗಳನ್ನು ಪೇರಿಸುವ ಆ ಮರದ ಅಡಿಹಲಗೆಯ ಮೇಲೆ, ರಫ್ತಿನ ಮರಕ್ಕೆ ಒತ್ತುವ ಆ ಅಂತರರಾಷ್ಟ್ರೀಯ ಮುದ್ರೆ ಇತ್ತು, ಒಪ್ಪುತ್ತೇನೆ. ಗೋಧಿ ತೆನೆಯ ಚಿಹ್ನೆ, ಪಕ್ಕದಲ್ಲಿ ಎಚ್‌ಟಿ (ಶಾಖ ಕೊಟ್ಟದ್ದು) ಎಂಬ ಅಕ್ಷರಗಳು. ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸತತ 30 ನಿಮಿಷ ಇತ್ತು, ಒಳಗಿನ ಹುಳು ಸತ್ತಿದೆ ಎಂಬುದಷ್ಟೇ ಅದರ ಅರ್ಥ. ಮರ ಒಣಗಿದೆ ಎಂದು ಆ ಮುದ್ರೆ ಎಲ್ಲಿಯೂ ಹೇಳುವುದಿಲ್ಲ. ಹೊಸದಾಗಿ ಕೊಯ್ದ ಹಸಿ ಮರಕ್ಕೂ ಅರ್ಧ ಗಂಟೆ ಶಾಖ ಕೊಟ್ಟು ಮುದ್ರೆ ಒತ್ತಬಹುದು. ನೀವು ಬಳಸಿದ್ದು ಅಂಥದ್ದೇ. ಮೊಳೆ ಹೊಡೆದ ಜಾಗದಲ್ಲಿ ನೀರು ಜಿನುಗುತ್ತಿದ್ದುದನ್ನು ನಮ್ಮ ಹುಡುಗ ಫೋಟೊ ತೆಗೆದು ಅಂದೇ ನಿಮ್ಮ ಮೇಲ್ವಿಚಾರಕರಿಗೆ ಕಳುಹಿಸಿದ್ದ.

ಮುಚ್ಚಿದ ಕಂಟೇನರ್‌ನೊಳಗೆ ಆ ನೀರು ಎಲ್ಲಿಗೆ ಹೋಗಬೇಕು? ಹಗಲಿನ ಬಿಸಿಗೆ ಆವಿಯಾಗಿ ಮೇಲೇರುತ್ತದೆ, ರಾತ್ರಿ ತಣ್ಣಗಾದ ತಗಡಿನ ಛಾವಣಿಗೆ ಅಂಟಿ ಹನಿಯುತ್ತದೆ. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ 2023ರ ಕೊನೆಯಿಂದ ಯುರೋಪಿನ ಸರಕು ಹೆಚ್ಚಾಗಿ ಆಫ್ರಿಕಾ ಸುತ್ತಿಯೇ ಹೋಗುತ್ತಿತ್ತು. ನಮ್ಮದೂ ಗುಡ್ ಹೋಪ್ ಭೂಶಿರ ಬಳಸಿಯೇ ಹೋಯಿತು. ಭೂಮಧ್ಯರೇಖೆಯನ್ನು ಎರಡು ಬಾರಿ ದಾಟುವ ದಾರಿ. ನಡುವೆ ದಕ್ಷಿಣದ ಚಳಿಗಾಲ. ಸೆಖೆಯಿಂದ ಚಳಿಗೆ, ಚಳಿಯಿಂದ ಮತ್ತೆ ಸೆಖೆಗೆ. ದಿನಗಳೂ ಹೆಚ್ಚು, ಹನಿಯುವ ನೀರೂ ಹೆಚ್ಚು. ಬೂಷ್ಟು ಹಿಡಿದ ಪೆಟ್ಟಿಗೆಗಳೆಲ್ಲ ಮೇಲಿನ ಎರಡು ಸಾಲಿನವು ಎಂಬುದೇ ಇದಕ್ಕೆ ಸಾಕ್ಷಿ.

ನಾವು ಒಣ ಮಾಲನ್ನೇ ಕೊಟ್ಟಿದ್ದೆವು. ಜುಲೈ 8ರಂದು ಒಪ್ಪಿಸುವಾಗ ತೇವಾಂಶ ಅಳೆದ ಚೀಟಿಗೆ ನಿಮ್ಮವರ ಸಹಿ ಇದೆ. ಆದರೆ ಕಂಟೇನರ್‌ಗೆ ತುಂಬಿದ್ದು 13ರಂದು. ಆ ಐದು ದಿನ ಗೋಡೆಯಿಲ್ಲದ ಶೆಡ್ಡಿನಲ್ಲಿ, ಮಂಗಳೂರಿನ ಮಳೆಯಲ್ಲಿ! ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಹಪ್ಪಳವೇ ಮೆತ್ತಗಾಗುವ ದಿನಗಳು ಅವು. ಆಮೇಲೆ ಪ್ಲಾಸ್ಟಿಕ್ ಫಿಲ್ಮ್ ಬಿಗಿಯಾಗಿ ಸುತ್ತಿ, ಹೀರಿಕೊಂಡ ತೇವವನ್ನೆಲ್ಲ ಒಳಗೇ ಕೂಡಿಹಾಕಿದಿರಿ. ತೇವ ಹೀರಲು ಕಂಟೇನರ್‌ನ ಗೋಡೆಗೆ ತೂಗುಹಾಕುವ ಕ್ಯಾಲ್ಸಿಯಂ ಕ್ಲೋರೈಡ್ ಚೀಲಗಳನ್ನು ನಾನು ಕೇಳಿದ್ದೆ. ಅದರ ಬದಲು ಪೆಟ್ಟಿಗೆಗೊಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿದ್ದೀರಿ, ಚಪ್ಪಲಿ ಡಬ್ಬಿಯಲ್ಲಿ ಇರುವಂಥದ್ದು.

ಜಜ್ಜಿದ 31 ಪೆಟ್ಟಿಗೆಗಳೂ ಕೆಳಸಾಲಿನವು. ದರಪಟ್ಟಿಯಲ್ಲಿ ಐದು ಪದರದ ರಟ್ಟು ಎಂದು ಬರೆದು, ಮೂರು ಪದರದ್ದನ್ನು ಬಳಸಿದ್ದೀರಿ. 52 ಸೆಂಟಿಮೀಟರ್ ಅಗಲದ ಪೆಟ್ಟಿಗೆಗಳನ್ನು ಜೋಡಿಯಾಗಿ 100 ಸೆಂಟಿಮೀಟರ್ ಅಗಲದ ಪ್ಯಾಲೆಟ್ ಮೇಲೆ ಇಟ್ಟಿದ್ದರಿಂದ ಎರಡೂ ಬದಿಗೆ ಎರಡೆರಡು ಸೆಂಟಿಮೀಟರ್ ಹೊರಚಾಚಿದ್ದವು. ರಟ್ಟಿನ ಪೆಟ್ಟಿಗೆ ಭಾರ ಹೊರುವುದು ಮೂಲೆಗಳಿಂದ. ಮೂಲೆಯ ಅಡಿಯಲ್ಲೇ ಆಸರೆ ಇಲ್ಲ, ರಟ್ಟೂ ತೇವಕ್ಕೆ ಮೆತ್ತಗಾಗಿದೆ ಎಂದಾದರೆ ಮೇಲಿನ ನಾಲ್ಕು ಸಾಲನ್ನು ಅದು ತಡೆಯುವುದು ಹೇಗೆ?

ಪೆಟ್ಟಿಗೆಯ ಅಳತೆ, ತೂಕ, ಬಂದರಿನ ಹೆಸರು ಇಷ್ಟನ್ನೇ ನೀವು ಕೇಳಿದ್ದು. ಒಳಗಿರುವುದು ಏನು, ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂದು ಒಮ್ಮೆಯೂ ಕೇಳಲಿಲ್ಲ. "ರಫ್ತು ಗುಣಮಟ್ಟದ ಪ್ಯಾಕಿಂಗ್" ಎಂದು ಬಿಲ್ಲಿನಲ್ಲಿ ಬರೆದಿದ್ದೀರಿ. ಗ್ರಾನೈಟ್ ಚಪ್ಪಡಿಗೆ ಸರಿಹೋಗುವುದು ಹಾಳೆ ತಟ್ಟೆಗೆ ಸರಿಹೋಗುವುದಿಲ್ಲ.

ಪ್ಯಾಕಿಂಗ್ ಕೊರತೆಯಿಂದಾದ ನಷ್ಟ ತನ್ನ ಹೊಣೆಯಲ್ಲ ಎಂಬ ಷರತ್ತನ್ನು ತೋರಿಸಿ ವಿಮೆ ಕಂಪನಿಯೂ ಕೈ ತೊಳೆದುಕೊಂಡಿದೆ. ಆದ್ದರಿಂದ ಪ್ಯಾಕಿಂಗ್‌ಗೆ ನಾವು ಕೊಟ್ಟ ಪೂರ್ತಿ ಹಣವನ್ನೂ 89 ಪೆಟ್ಟಿಗೆಗಳ ಇನ್‌ವಾಯ್ಸ್ ಮೌಲ್ಯವನ್ನೂ ನೀವೇ ಭರಿಸಬೇಕು. ಐದು ಪದರದ ರಟ್ಟು ಮೂರು ಪದರವಾದದ್ದು ಯಾರ ತೀರ್ಮಾನ ಎಂಬುದಕ್ಕೆ ಲಿಖಿತ ಉತ್ತರ ಬೇಕು. 15 ದಿನಗಳೊಳಗೆ ಉತ್ತರ ಬಾರದಿದ್ದರೆ ವಕೀಲರ ಮೂಲಕ ನೋಟಿಸ್ ಕಳುಹಿಸುತ್ತೇನೆ. ಫೋಟೊಗಳು, ಸಹಿಯಿರುವ ತೇವಾಂಶದ ಚೀಟಿ, ನಿಮ್ಮ ದರಪಟ್ಟಿ ಮತ್ತು ಖರೀದಿದಾರರ ತಪಾಸಣಾ ವರದಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ಹಾಳೆ ತಟ್ಟೆ ಘಟಕದ ಮಾಲೀಕರು
ಪುತ್ತೂರು ತಾಲ್ಲೂಕು, ದಕ್ಷಿಣ ಕನ್ನಡ