ಗುಂಡ್ಯಾಗೊಂದು ಪತ್ರ, ಮಂಚದ ಕೆಳಗಿನ ಘಾಟಿನಿಂದ

ಲೇ ಗುಂಡ್ಯಾ,

ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ಬೈಯುವುದಿದ್ದರೆ ಫೋನ್ ಮಾಡಿ ಬೈ.

ಪುಣೆಯ ಕೋಥ್ರೂಡಿನ ಜೋಶಿ ಮ್ಯೂಸಿಯಂನಲ್ಲಿ ಆ ಪುಟ್ಟ ರೈಲುಗಳನ್ನು ನೋಡಿ ಬಂದೆವಲ್ಲ, ಆ ಹುಚ್ಚು ಇನ್ನೂ ಬಿಟ್ಟಿಲ್ಲ. (ಟಿಕೆಟ್ ಕೌಂಟರಿನಲ್ಲಿ ನೀನು ಕೇಳಿದ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ಹೆದರಬೇಡ.) ಮುಲುಂಡಿನ ಈ ಬಾಡಿಗೆ ಮನೆಯಲ್ಲಿ, ಮಂಚದ ಕೆಳಗೆ, ಆರಡಿ ಪ್ಲೈವುಡ್ ಮೇಲೆ ಗೋವಾ ಗಡಿಯ ಘಾಟಿನ ಕ್ಯಾಸಲ್‌ರಾಕ್ ಸ್ಟೇಷನ್ನಿನ ಪುಟ್ಟ ಮಾದರಿ ಎದ್ದಿದೆ.

ಗುಡ್ಡ ಅಂದರೆ ಮೊಟ್ಟೆ ಟ್ರೇ, ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಹಳೇ ಪೇಪರು. ಪೊದೆಗಳಿಗೆ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್. ದೂಧಸಾಗರಕ್ಕೆ ಹತ್ತಿ. ಮಣ್ಣಿಗೆ ಒಣಗಿಸಿದ ಚಹಾದ ಚರಟ. ಚರಟ ಉದುರಿಸಿದ ಮೇಲೆ ಫೆವಿಕಾಲ್‌ಗೆ ಅಷ್ಟೇ ನೀರು, ಒಂದು ಹನಿ ಪಾತ್ರೆ ಸೋಪು ಬೆರೆಸಿ ಇಂಕ್ ಫಿಲ್ಲರಿನಲ್ಲಿ ಬಿಡಬೇಕು. ಸೋಪಿಲ್ಲದಿದ್ದರೆ ಹನಿ ಗುಂಡಗೆ ನಿಂತು ಪುಡಿಯನ್ನೆಲ್ಲ ಮೆತ್ತಿಕೊಂಡು ಉರುಳುತ್ತದೆ. ಇಷ್ಟೆಲ್ಲ ಮಾಡಿದರೂ ಜುಲೈ ಮಳೆಗೆ ಮಣ್ಣಿಗೆ ಬೂಷ್ಟು ಹಿಡಿಯಿತು. "ಪಶ್ಚಿಮ ಘಟ್ಟ ಅಂದರೆ ಹೀಗೇ ಅಲ್ವಾ" ಅಂದಳು ಹೆಂಡತಿ.

ನಿಜವಾದ ಘಾಟಿನ ಏರು 37ಕ್ಕೆ 1. ನಾನೂ ಹಟಕ್ಕೆ ಬಿದ್ದು 37 ಸೆಂಟಿಮೀಟರಿಗೆ 1 ಸೆಂಟಿಮೀಟರ್ ಏರಿಸಿದೆ. ಮೂರು ಬೋಗಿಗೇ ಎಂಜಿನ್ ಚಕ್ರ ಜಾರುತ್ತದೆ. ಅಲ್ಲಿ ಗಾಡಿಯನ್ನು ಹಿಂದಿನಿಂದ ಬ್ಯಾಂಕರ್ ಎಂಜಿನ್ ತಳ್ಳುತ್ತದೆ, ಇಲ್ಲಿ ನನ್ನ ತೋರುಬೆರಳು.

ಮೊನ್ನೆ ಒಂದು ಮನೆ ಮಾಡೋಣ ಅಂತ ಗೋಡೆಗೆ ದಪ್ಪ ಕಾರ್ಡು ಹುಡುಕುತ್ತಿದ್ದೆ. ಸಿಕ್ಕಿದ್ದು ನಿನ್ನ ಗೃಹಪ್ರವೇಶದ ಪತ್ರಿಕೆ. ಸರಿ, ನಿನ್ನ ಮನೆಯನ್ನೇ ಕಟ್ಟೋಣ ಅಂದುಕೊಂಡೆ. ನನ್ನ ಲೋಕದಲ್ಲಿ ಎಲ್ಲವೂ 87ನೇ ಒಂದು ಪಾಲು, ಹಾಗಾಗಿ ನಿನ್ನ 30-40 ಸೈಟು ಹತ್ತೂವರೆ ಸೆಂಟಿಮೀಟರಿಗೆ ಹದಿನಾಲ್ಕು ಆಯಿತು. (ಲೋಂಡಾದ ಮನೆ ಕ್ಯಾಸಲ್‌ರಾಕಿಗೆ ಹೇಗೆ ಬಂತು ಅಂತ ಕೇಳಬೇಡ, ಹಲಗೆ ಇರುವುದೇ ಆರಡಿ.) ಸೂರು ಅಂಟಿಸುವಾಗ ನೋಡಿದರೆ ಒಳಗೋಡೆಯಲ್ಲಿ ನಿನ್ನ ಅಪ್ಪನ ಹೆಸರು, ಮೇಲೆ "ತಮ್ಮ ಆಗಮನಾಭಿಲಾಷಿಗಳು" ಅಂತ.

ರಜೆ ಸಿಗಲಿಲ್ಲ ಅಂದಿದ್ದೆನಲ್ಲ, ಸಿಕ್ಕಿತ್ತು ಕಣೋ. ಮೂರು ದಿನ. ಆ ಮೂರು ದಿನವೂ ಇದೇ ಹಲಗೆ ಮುಂದೆ ಕೂತು ಚರಟ ಅಂಟಿಸಿದೆ. ಬಂದಿದ್ದರೆ ಯಾರಾದರೂ "ಮುಂಬೈಯಲ್ಲಿ ಸ್ವಂತ ಮನೆ ಆಯ್ತಾ" ಅಂತ ಕೇಳುತ್ತಿದ್ದರು. ಅದಾದರೂ ಸರಿ, ಅಭ್ಯಾಸ ಇದೆ. ಆದರೆ ಪಕ್ಕದಲ್ಲೇ ನೀನಿರುತ್ತಿದ್ದೆ, ನಾನು ಬಾಯಿ ತೆರೆಯುವ ಮೊದಲೇ ಮಾತು ಬದಲಿಸಿ ನನ್ನನ್ನು ಉಳಿಸುತ್ತಿದ್ದೆ. ಅದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ.

ಜಾಸ್ತಿ ಆಯ್ತು. ಓದುತ್ತಿರುವ ಉಳಿದವರು ಸೋಪಿನ ವಿಷಯ ಅಷ್ಟೇ ನೆನಪಿಟ್ಟುಕೊಳ್ಳಿ.

ಅಂದಹಾಗೆ ಫೆವಿಕಾಲ್ ಮುಗಿದಿತ್ತು ಅಂತ ನಿನ್ನ ಮನೆಗೂ ಮೈದಾ ಅಂಟೇ ಹಾಕಿದ್ದೆ. ಇವತ್ತು ಬೆಳಿಗ್ಗೆ ಇರುವೆಗಳು ಸಾಲಾಗಿ ಒಳಗೆ ಹೋದವು, ನಿನ್ನ ಅಪ್ಪನ ಹೆಸರಿನ ಪಕ್ಕದಲ್ಲೇ ಊಟಕ್ಕೆ ಕೂತಿವೆ.

ಇಂತಿ,
ಅಳ್ನಾವರದ ಬಾಳೆಹಣ್ಣು