‘ತಪ್ಪಾಯಿತು’ ಅಂದವರು ಯಾರು?

ಪ್ರೀತಿಯ ಗೆಳತಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. 2018ರ ಆಗಸ್ಟ್‌ನಲ್ಲಿ ಪೋಪ್ ಫ್ರಾನ್ಸಿಸ್ ಐರ್ಲೆಂಡಿಗೆ ಬಂದಾಗ ಅಲ್ಲಿನ ಎಷ್ಟೋ ಜನ ಯಾಕೆ ಬೆನ್ನು ತಿರುಗಿಸಿ ನಿಂತರು ಎಂದು ಬರೆಯಲು ಹೊರಟಿದ್ದೀಯ. ನಿನ್ನ ಸಿಟ್ಟು ನಿಜವಾದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೊದಲ ಪುಟದ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು: ‘ಚರ್ಚಿನ ಸಂಸ್ಥೆಗಳಲ್ಲಿ ದಶಕಗಳ ಕಾಲ ಮಕ್ಕಳ ಮೇಲೆ ದೌರ್ಜನ್ಯ ನಡೆಯಿತು.’

ನಡೆಯಿತು. ಮಳೆ ಬಂತು, ಬೆಳೆ ಹೋಯಿತು ಅನ್ನುವ ಹಾಗೆ. ನಡೆಸಿದವರು ಯಾರು? ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರು ಯಾರು? ಕನ್ನಡದಲ್ಲಿ ಕರ್ತೃಪದವನ್ನು ಕೈಬಿಟ್ಟರೂ ವಾಕ್ಯ ನೆಟ್ಟಗೆ ನಿಲ್ಲುತ್ತದೆ. ಕತೆ ಬರೆಯುವಾಗ ಅದು ನಮಗೆ ಸಿಕ್ಕ ವರ, ಇಂಥ ವಿಷಯ ಬರೆಯುವಾಗ ಮಾತ್ರ ಅದೇ ಕಳ್ಳದಾರಿ.

ಐರ್ಲೆಂಡಿನ ಸಿಟ್ಟಿನ ಬೇರು ಕೂಡ ಇಂಥದೇ ವಾಕ್ಯಗಳಲ್ಲಿದೆ. 2009ರ ನವೆಂಬರ್‌ನಲ್ಲಿ ಹೊರಬಂದ ಮರ್ಫಿ ಆಯೋಗದ ವರದಿಯನ್ನು ನೀನು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಅಲ್ಲಿ ನಿಲ್ಲಬೇಕಿತ್ತು. ಡಬ್ಲಿನ್ ಮಹಾಧರ್ಮಪ್ರಾಂತ್ಯದ, ಅಂದರೆ ಆ ಭಾಗದ ಕ್ಯಾಥೊಲಿಕ್ ಚರ್ಚುಗಳ ಆಡಳಿತದ, ಮೇಲಿನವರು 1975ರಿಂದ 2004ರವರೆಗೆ ಬಂದ ದೂರುಗಳನ್ನು ಏನು ಮಾಡಿದರು ಎಂದು ಆ ಆಯೋಗ 46 ಪಾದ್ರಿಗಳ ಪ್ರಕರಣಗಳನ್ನು ಹಿಡಿದು ನೋಡಿತು. ಅವರ ಚಿಂತೆ ಇದ್ದದ್ದು ಗುಟ್ಟು ಕಾಯುವುದರಲ್ಲಿ, ಹಗರಣ ತಪ್ಪಿಸುವುದರಲ್ಲಿ, ಚರ್ಚಿನ ಹೆಸರು ಮತ್ತು ಆಸ್ತಿ ಉಳಿಸಿಕೊಳ್ಳುವುದರಲ್ಲಿ ಎಂದು ವರದಿ ಬಿಡಿಸಿ ಹೇಳಿತು. ಮಗುವಿನ ಕ್ಷೇಮ ಆ ಸಾಲಿನಲ್ಲಿ ಹಿಂದೆ ನಿಂತಿತ್ತು.

ಅದೇ ವರದಿಯಲ್ಲಿ ಬರಹಗಾರರಾದವರು ಮರೆಯಬಾರದ ಒಂದು ಪ್ರಸಂಗವಿದೆ. ಒಬ್ಬ ಪಾದ್ರಿ ತನ್ನಿಂದ ದೌರ್ಜನ್ಯಕ್ಕೊಳಗಾದ ಹುಡುಗನಿಗೆ ಪರಿಹಾರ ಕೊಡಬೇಕಾಯಿತು. ಅದಕ್ಕೆ ಮಹಾಧರ್ಮಪ್ರಾಂತ್ಯವೇ ಅವನಿಗೆ ಸಾಲ ಕೊಟ್ಟಿತ್ತು. ಆಗಿನ ಮಹಾಧರ್ಮಾಧ್ಯಕ್ಷ ಡೆಸ್ಮಂಡ್ ಕಾನೆಲ್ ಪತ್ರಕರ್ತರ ಮುಂದೆ, ನಮ್ಮ ಹಣವನ್ನು ಇಂಥದಕ್ಕೆ ಬಳಸುವುದಿಲ್ಲ ಎಂದಿದ್ದರು. ಸುಳ್ಳು ಹೇಳಿದಿರಲ್ಲ ಎಂಬ ಆರೋಪಕ್ಕೆ ಆಮೇಲೆ ಅದೇ ಸಂತ್ರಸ್ತನ ಎದುರು ಅವರು ಕೊಟ್ಟ ವಿವರಣೆ ಇಷ್ಟು: ತಾವು ವರ್ತಮಾನ ಕಾಲದಲ್ಲಿ ಮಾತಾಡಿದ್ದು, ಹಿಂದೆ ಬಳಸಿರಲಿಲ್ಲ ಎಂದು ಹೇಳೇ ಇರಲಿಲ್ಲ. ‘ಬಳಸುವುದಿಲ್ಲ’ ಮತ್ತು ‘ಬಳಸಿರಲಿಲ್ಲ’ದ ನಡುವಿನ ಸಂದಿಯಲ್ಲಿ ಒಬ್ಬ ಹುಡುಗನ ಬಾಲ್ಯವನ್ನು ಹೂತುಬಿಟ್ಟರು. ಇದನ್ನು ಮೊದಲ ಸಲ ಓದಿದ ದಿನ ನನಗೆ ಬೇರೆ ಕೆಲಸ ಮಾಡಲಾಗಲಿಲ್ಲ.

ನನಗಿದು ತಾಗುವುದಕ್ಕೆ ಕಾರಣವಿದೆ. ವರದಿಗಾರನಾಗಿದ್ದ ಮೊದಲ ವರ್ಷಗಳಲ್ಲಿ ಒಂದು ವಸತಿ ಶಾಲೆಯ ಬಗ್ಗೆ ‘ಬಾಲಕನ ಮೇಲೆ ಹಲ್ಲೆ ನಡೆದಿದೆ’ ಎಂದು ಬರೆದಿದ್ದೆ. ಮರುದಿನ ಹುಡುಗನ ತಾಯಿ ಪತ್ರಿಕೆ ಹಿಡಿದು ಬಂದು ಕೇಳಿದರು: ‘ಹೊಡೆದವರು ಯಾರು ಅಂತ ನಾನು ನಿಮಗೆ ಹೇಳಿದ್ದೆನಲ್ಲ ಸ್ವಾಮಿ, ಅದೆಲ್ಲಿ ಹೋಯಿತು?’ ಕಾನೂನಿನ ತೊಡಕು, ಸಂಪಾದಕರ ಭಯ ಎಲ್ಲವೂ ಇದ್ದದ್ದು ನಿಜ. ಆ ತಾಯಿಗೆ ಕೊಡಲು ಉತ್ತರ ಇರಲಿಲ್ಲ ಎಂಬುದೂ ನಿಜ.

ಈಗ ನಿನ್ನ ಎರಡನೇ ಭಾಗ, ಪ್ರತಿಭಟನೆ. ಪೋಪ್ ಪೂಜೆ ಸಲ್ಲಿಸಿದ ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನ ಖಾಲಿ ಜಾಗವನ್ನು ಚೆನ್ನಾಗಿ ಚಿತ್ರಿಸಿದ್ದೀಯ. 1979ರಲ್ಲಿ ಆಗಿನ ಪೋಪ್ ಎರಡನೇ ಜಾನ್ ಪಾಲ್ ಬಂದಾಗ ಅಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. 2018ರ ಆಗಸ್ಟ್ 26ಕ್ಕೆ 5 ಲಕ್ಷ ಉಚಿತ ಟಿಕೆಟ್ ಹೊರಟರೂ ಬಂದವರು ಒಂದೂವರೆ ಲಕ್ಷದ ಆಸುಪಾಸು ಎಂಬುದು ಅಂದಾಜು. ಆದರೆ ಖಾಲಿ ಕಂಡ ಜಾಗವನ್ನೆಲ್ಲ ಪ್ರತಿಭಟನೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡ. ಅಂದು ಮಳೆ ಗಾಳಿ ಇತ್ತು, ವಾಹನ ಬಿಟ್ಟು ಬಹುದೂರ ನಡೆಯಬೇಕಿತ್ತು, ಮನೆಯಲ್ಲೇ ಟೀವಿ ಮುಂದೆ ಕೂತ ಭಕ್ತರೂ ಇದ್ದರು. ಹೋಗುವ ಮನಸ್ಸಿಲ್ಲದಿದ್ದರೂ ಬೇಕೆಂದೇ ಟಿಕೆಟ್ ಕಾಯ್ದಿರಿಸಿದವರನ್ನು ನೀನು ಮೆಚ್ಚಿ ಬರೆದಿದ್ದೀಯ. ನನಗೆ ಅದು ಹಿಡಿಸಲಿಲ್ಲ. ಪೂಜೆಗೆ ಬರಬೇಕೆಂದಿದ್ದ ಮುದುಕಿಯ ಜಾಗ ಕಿತ್ತುಕೊಂಡರೆ ವ್ಯಾಟಿಕನ್ನಿಗೆ ಏನೂ ನೋಯುವುದಿಲ್ಲ.

ಅದೇ ಹೊತ್ತಿಗೆ ಡಬ್ಲಿನ್ನಿನ ಗಾರ್ಡನ್ ಆಫ್ ರಿಮೆಂಬರೆನ್ಸ್‌ನಲ್ಲಿ ಸೇರಿದ ಜನರ ಕಡೆಗೆ ನೋಡು. ಬಾಲ್ಯದಲ್ಲಿ ಪಾದ್ರಿಯೊಬ್ಬನಿಂದ ದೌರ್ಜನ್ಯಕ್ಕೊಳಗಾದ ಕೊಲಮ್ ಓಗಾರ್ಮನ್ ಕರೆದ ಸಭೆ ಅದು. ಅಲ್ಲಿಂದ ಅವರು ನಡೆದುಹೋದದ್ದು ಶಾನ್ ಮ್ಯಾಕ್‌ಡರ್ಮಟ್ ಬೀದಿಗೆ, ಹೆಣ್ಣುಮಕ್ಕಳನ್ನು ಕೂಡಿಹಾಕಿ ಬಟ್ಟೆ ಒಗೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ 1996ರಲ್ಲಿ ಕೊನೆಯದಾಗಿ ಬಾಗಿಲು ಮುಚ್ಚಿದ ಕಟ್ಟಡಕ್ಕೆ. ಹಿಂದಿನ ದಿನ ಪೋಪ್ ಅದೇ ಬೀದಿಯಲ್ಲಿ ಬಂದು ಅಲ್ಲಿನ ಚರ್ಚಿನ ಮುಂದೆ ನಿಂತಿದ್ದರು. ಒಂದೇ ಬೀದಿ, ಎರಡು ದಿನ, ಎರಡು ಮೆರವಣಿಗೆ. ನಿನ್ನ ಲೇಖನದಲ್ಲಿ ಆ ಬೀದಿಯ ಹೆಸರೇ ಇಲ್ಲ.

ಇವರನ್ನೆಲ್ಲ ‘ಧರ್ಮವಿರೋಧಿಗಳು’ ಎಂದು ಒಂದೇ ಗೂಟಕ್ಕೆ ಕಟ್ಟಿದ್ದೀಯ, ಮೆಚ್ಚುಗೆಯಿಂದಲೇ ಇರಬಹುದು. ತಪ್ಪು. 2016ರ ಜನಗಣತಿಯಲ್ಲಿ ನೂರಕ್ಕೆ 78 ಐರಿಷರು ತಾವು ಕ್ಯಾಥೊಲಿಕರೆಂದೇ ಬರೆಸಿದ್ದಾರೆ. ಮೇರಿ ಕಾಲಿನ್ಸ್ ಅವರನ್ನು ನೋಡು. 13ನೇ ವಯಸ್ಸಿನಲ್ಲಿ, ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ, ಅಲ್ಲಿಯ ಪಾದ್ರಿಯಿಂದಲೇ ದೌರ್ಜನ್ಯ ಅನುಭವಿಸಿದವರು. ಅಷ್ಟಾದರೂ ಪೋಪ್ ರಚಿಸಿದ ಮಕ್ಕಳ ರಕ್ಷಣಾ ಆಯೋಗದಲ್ಲಿ ಕೂತು ಕೆಲಸ ಮಾಡಿದರು. ವ್ಯಾಟಿಕನ್ನಿನ ಅಧಿಕಾರಿಗಳು ಸಹಕರಿಸುತ್ತಿಲ್ಲ ಎಂದು 2017ರ ಮಾರ್ಚ್‌ನಲ್ಲಿ ಹೊರಬಂದರು. ಹೊರಗಿನವರ ಸಿಟ್ಟಿಗಿಂತ ಒಳಗಿದ್ದು ನೊಂದವರ ಸಿಟ್ಟಿಗೆ ಭಾರ ಹೆಚ್ಚು.

ಅದಕ್ಕೇ ಪದಗಳ ಬಗ್ಗೆ ಒಂದು ಕೋರಿಕೆ. ನಮ್ಮ ಕನ್ನಡ ಕ್ರೈಸ್ತರು ಪೋಪರನ್ನು ಜಗದ್ಗುರು ಎನ್ನುತ್ತಾರೆ, ಮಾಸ್ ಅನ್ನು ಬಲಿಪೂಜೆ ಎನ್ನುತ್ತಾರೆ. ಆ ಪದಗಳನ್ನೇ ಬಳಸು. ನಿನ್ನ ಬರಹ ಮಂಗಳೂರಿನ ಒಬ್ಬ ಕನ್ಯಾಸ್ತ್ರೀಯ ಕೈಗೂ ಹೋಗಬಹುದು. ಅವರು ಅದನ್ನು ಕೊನೆಯವರೆಗೆ ಓದಬೇಕು.

ಸವಿತಾ ಹಾಲಪ್ಪನವರ್ ಅವರ ವಿಷಯ. ಬೆಳಗಾವಿಯ ಆ ಹೆಣ್ಣುಮಗಳು 2012ರಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ, ಕೇಳಿದರೂ ಗರ್ಭಪಾತ ಸಿಗದೆ, ತೀರಿಕೊಂಡ ಮೇಲೆಯೇ ನಮ್ಮಲ್ಲಿ ಎಷ್ಟೋ ಜನ ಐರ್ಲೆಂಡಿನತ್ತ ನೋಡಿದ್ದು. ಪೋಪ್ ಬರುವ ಮೂರು ತಿಂಗಳ ಮುಂಚೆ, 2018ರ ಮೇ 25ರಂದು, ಗರ್ಭಪಾತ ನಿಷೇಧವನ್ನು ಸಂವಿಧಾನದಿಂದ ತೆಗೆಯಲು ಆ ದೇಶ ಮತ ಹಾಕಿತು. ಈ ನಂಟು ನಿಜವಾದದ್ದು. ಆದರೆ ಅವರ ಕತೆ ಬೇರೆ, ಇದು ಬೇರೆ. ಒಂದು ಸಾಲಿನಲ್ಲಿ ನೆನೆದು ಮುಂದೆ ಹೋಗು. ಆ ಸಾವನ್ನು ಲೇಖನಕ್ಕೆ ಅಲಂಕಾರ ಮಾಡಬೇಡ.

ಪೋಪ್ ಏನೂ ಹೇಳಲಿಲ್ಲ ಎಂದು ಬರೆದಿದ್ದೀಯ. ಅದೂ ಸರಿಯಲ್ಲ. ಎಂಟು ಜನ ಸಂತ್ರಸ್ತರ ಜತೆ ಒಂದೂವರೆ ಗಂಟೆ ಕೂತರು. ಮರುದಿನ ಬಲಿಪೂಜೆಯಲ್ಲಿ ಕ್ಷಮೆ ಕೇಳುವಾಗ, ಮೌನವಾಗಿದ್ದ ಮೇಲಿನವರ ಹೆಸರಲ್ಲೂ ಕೇಳಿದರು. ಮದುವೆಯಾಗದೆ ಹೆತ್ತರೆಂದು ತಮ್ಮಿಂದ ಕಿತ್ತುಕೊಂಡ ಮಕ್ಕಳನ್ನು ಹುಡುಕಿದರೆ ಪಾಪ ಬರುತ್ತದೆ ಎಂದು ಹೇಳಿಸಿಕೊಂಡಿದ್ದ ತಾಯಂದಿರಿಗೆ ಅದು ಪಾಪವಲ್ಲ ಎಂದರು. ಇದನ್ನು ಪೂರ್ತಿ ಬರೆ. ಆಗಲೇ ಅವರು ಹೇಳದೆ ಬಿಟ್ಟದ್ದೇನು, ಮುಚ್ಚಿಟ್ಟವರನ್ನು ಶಿಕ್ಷಿಸಲು ಏನು ಮಾಡುತ್ತೇವೆ ಎಂಬುದು, ಓದುಗರಿಗೆ ತಾನಾಗಿ ಕೇಳಿಸುತ್ತದೆ.

ಕೊನೆಗೆ ಟ್ಯೂಅಮ್. ಗಾಲ್ವೇ ಕೌಂಟಿಯ ಈ ಊರಿನಲ್ಲಿ ಕನ್ಯಾಸ್ತ್ರೀಯರು ನಡೆಸುತ್ತಿದ್ದ ತಾಯಿ-ಮಕ್ಕಳ ಆಶ್ರಮ 1961ರಲ್ಲಿ ಮುಚ್ಚಿತ್ತು. ಅಲ್ಲಿ ಸತ್ತ 796 ಮಕ್ಕಳ ಮರಣಪತ್ರಗಳನ್ನು ಕ್ಯಾಥರೀನ್ ಕಾರ್ಲೆಸ್ ಎಂಬ ಗೃಹಿಣಿ ಒಂದೊಂದಕ್ಕೂ ಕೈಯಿಂದ ದುಡ್ಡು ಕೊಟ್ಟು ತೆಗೆಸಿದರು. ಹೂತ ದಾಖಲೆ ಹುಡುಕಿದರೆ ಇಬ್ಬರದ್ದು ಬಿಟ್ಟು ಯಾರದ್ದೂ ಸಿಗಲಿಲ್ಲ. ಪೋಪ್ ಬಂದಾಗ ಸರ್ಕಾರ ಸ್ವಾಗತ ಸಮಾರಂಭಕ್ಕೆ ಕರೆದರೂ ಅವರು ಹೋಗಲಿಲ್ಲ. ಡಬ್ಲಿನ್ನಿನಲ್ಲಿ ಬಲಿಪೂಜೆ ನಡೆಯುತ್ತಿದ್ದ ಭಾನುವಾರ ಟ್ಯೂಅಮ್‌ನಲ್ಲಿ ಜನ ಸೇರಿ ಆ 796 ಹೆಸರುಗಳನ್ನೂ ಓದಿದರು. ಆ ನೆಲವನ್ನು ಅಗೆದು ಎಲುಬುಗಳನ್ನು ಹೊರತೆಗೆಯುವ ಕೆಲಸ ಶುರುವಾದದ್ದು 2025ರ ಜುಲೈಯಲ್ಲಿ.

ನಿನ್ನ ಲೇಖನದಲ್ಲಿ ಇದು ಕೊನೆಯ ಪುಟದ ಎರಡು ಸಾಲು. ಇದನ್ನು ಮೊದಲ ಪುಟಕ್ಕೆ ತಾ. ಮರಣಪತ್ರಕ್ಕೆ ದುಡ್ಡು ಎಣಿಸಿಕೊಟ್ಟ ಆ ಹೆಂಗಸಿನಿಂದ ಆರಂಭಿಸು. ಅವರ ವಾಕ್ಯಕ್ಕೆ ಕರ್ತೃ ಇದ್ದಾರೆ. ಬರೆದು ಮುಗಿದ ಕೂಡಲೇ ಕಳಿಸು, ಕಾಯುತ್ತಿರುತ್ತೇನೆ.