ಕ್ವಾಲಿಸ್ ಅಂದರೆ ಎಂಥದು?

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ತತ್ತ್ವಶಾಸ್ತ್ರದ ‘ಕ್ವಾಲಿಯಾ’ ಪಾಠ, ಅಂದರೆ ಒಂದು ರುಚಿಯೋ ಬಣ್ಣವೋ ಅನುಭವಿಸುವವರಿಗೆ ಒಳಗೆ ಹೇಗೆ ಅನ್ನಿಸುತ್ತದೆ ಅನ್ನುವುದು, ತಲೆಗೇ ಹತ್ತುತ್ತಿಲ್ಲ, ವ್ಯಾಖ್ಯಾನ ಉರು ಹೊಡೆದುಬಿಡುತ್ತೇನೆ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆ. ಬೇಡ ಮಾರಾಯ್ತಿ. ನಾನೂ ಹಾಗೇ ಉರು ಹೊಡೆದವನು. ಮೌಖಿಕ ಪರೀಕ್ಷೆಯಲ್ಲಿ ‘ಒಂದು ಉದಾಹರಣೆ ಕೊಡಪ್ಪ’ ಅಂದಾಗ ಫ್ಯಾನು ನೋಡುತ್ತಾ ನಿಂತಿದ್ದೆ.

ನಮ್ಮ ಮನೆ ಮುಂದೆ ಹಳೇ ಕ್ವಾಲಿಸ್ ನಿಂತಿರುತ್ತಿತ್ತು, ನೆನಪಿದೆ ಅಲ್ವಾ? 2000ನೇ ಇಸವಿ ಹೊತ್ತಿಗೆ ಬಿಡದಿಯ ಕಾರ್ಖಾನೆಯಿಂದ ಬಂದ ಟೊಯೊಟಾದವರ ಮೊದಲ ಗಾಡಿ ಅದು. ಲ್ಯಾಟಿನ್‌ನಲ್ಲಿ ‘ಕ್ವಾಲಿಸ್’ ಅಂದರೆ ‘ಎಂಥದು’. ಅಷ್ಟೇ! ನಮ್ಮ ಕಡೆ ‘ಏನು’ ಅನ್ನುವುದಕ್ಕೂ ಎಂಥದು ಅನ್ನುತ್ತೇವೆ. ಅವರದು ‘ಯಾವ ಥರದ್ದು’ ಅಂತ ಕೇಳುವ ಎಂಥದು. ಅದೇ ಪದದ ನಪುಂಸಕಲಿಂಗ, ಬಹುವಚನ ನಿನ್ನ ಕ್ವಾಲಿಯಾ.

ಇದರ ಅಕ್ಕ ‘ಕ್ವಾಲಿಟಿ’ಯ ಕಥೆ ಇನ್ನೂ ಚೆನ್ನಾಗಿದೆ. ಗ್ರೀಕಿನಲ್ಲಿ ‘ಎಂಥದು’ ಅನ್ನುವುದಕ್ಕೆ ‘ಪೊಯೊಸ್’. ಪ್ಲೇಟೋ ಅದಕ್ಕೆ ಬಾಲ ಅಂಟಿಸಿ ‘ಪೊಯೊಟೆಸ್’ ಅಂದ. ಈ ಪದ ನಿನಗೆ ವಿಚಿತ್ರ ಅನ್ನಿಸಬಹುದು ಅಂತ ಸಾಕ್ರೆಟಿಸ್ ಬಾಯಲ್ಲಿ ಹೇಳಿಸಿದ ಕೂಡ. ಆಮೇಲೆ ರೋಮಿನ ವಾಗ್ಮಿ, ಲೇಖಕ ಸಿಸೆರೊ. ಕ್ರಿ.ಪೂ. 45ರಲ್ಲಿ ಮಗಳು ತುಲಿಯಾ ತೀರಿಕೊಂಡಳು. ಆ ದುಃಖದಲ್ಲೇ ಅವನು ಗ್ರೀಕ್ ತತ್ತ್ವಶಾಸ್ತ್ರವನ್ನು ಲ್ಯಾಟಿನ್‌ಗೆ ತರುತ್ತಾ ಕೂತ. ಪೊಯೊಟೆಸ್‌ಗೆ ಪದ ಇರಲಿಲ್ಲ. ‘ಕ್ವಾಲಿಸ್’ಗೆ ‘ತನ’ ಸೇರಿಸಿದ ಹಾಗೆ ‘ಕ್ವಾಲಿತಾಸ್’ ಅಂತ ಮಾಡಿದ. ಗ್ರೀಕರಲ್ಲೂ ಇದು ಜನಸಾಮಾನ್ಯರ ಮಾತಲ್ಲ, ತತ್ತ್ವಜ್ಞಾನಿಗಳದು ಅಂತ ಸಮಜಾಯಿಷಿ ಬೇರೆ ಬರೆದ. ಪಾಪ! ಅದೇ ಪದ ಫ್ರೆಂಚ್, ಇಂಗ್ಲಿಷ್ ದಾಟಿ ಬಂದು, ಇವತ್ತು ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿ ‘ಕ್ವಾಲಿಟಿ ನೋಡಿ ಅಕ್ಕಾ’ ಆಗಿದೆ.

ಕ್ವಾಲಿಯಾಗೆ ಈಗಿನ ಅರ್ಥ ಬಂದದ್ದು ಈಚೆಗೆ. 1929ರಲ್ಲಿ ಅಮೆರಿಕದ ತತ್ತ್ವಜ್ಞಾನಿ ಸಿ. ಐ. ಲೂಯಿಸ್ ಬಳಸಿದ ಮೇಲೆ ಚಾಲ್ತಿಗೆ ಬಂತು. ಹಾಗಲಕಾಯಿ ಕಹಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಆ ಕಹಿ ನಿನ್ನ ನಾಲಿಗೆಗೆ ಎಂಥದು? ನೀನು ಮುಖ ಕಿವುಚುವ ಅದೇ ಗೊಜ್ಜನ್ನು ದೊಡ್ಡಮ್ಮ ಎರಡು ಸಲ ಬಡಿಸಿಕೊಳ್ಳುತ್ತಾಳೆ. ಇಬ್ಬರಿಗೂ ಸಿಕ್ಕಿದ್ದು ಒಂದೇ ಕಹಿಯಾ? ಪಾಠದ ಗಂಟು ಇರುವುದು ಇಲ್ಲೇ. ಇದನ್ನು ಬಿಡಿಸೋಕೆ ಹೋಗಿ ದೊಡ್ಡದೊಡ್ಡವರು ಇನ್ನೂ ಜಗಳ ಆಡುತ್ತಿದ್ದಾರೆ.

ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ‘ಎಂಥತನ’ ಅಂತ ಬರೆದುಕೋ. ವಿಚಿತ್ರ ಅನ್ನಿಸಿದರೆ ಅನ್ನಿಸಲಿ. ಉತ್ತರ ಪತ್ರಿಕೆಯಲ್ಲಿ ಮಾತ್ರ ಬರೆಯಬೇಡ, ಸುಮ್ನೆ ಮಾರ್ಕ್ಸ್ ಕಳೆಯುತ್ತಾರೆ.

ನಿನ್ನ
ದೊಡ್ಡಪ್ಪ